ನೋವಿನ ಮರುಕಥನ: ಹಾಸನ ಸೀಮೆಯ ಕೆಲವು ನಿದರ್ಶನಗಳ ಹಿನ್ನೆಲೆಯಲ್ಲಿ ಕಥನಚಿಕಿತ್ಸೆಯ ವಿಮರ್ಶೆ

೧

ದುಃಖವನ್ನು ಹೇಳಿಕೊಂಡರೆ ಎದೆ ಹಗುರವಾಗುತ್ತದೆ ಎಂಬುದು ನಮ್ಮ ಜನರಲ್ಲಿ ಬಹು ಹಿಂದಿನಿಂದ ನಡೆದು ಬಂದ ನಂಬಿಕೆ. ಹೇಳಿಕೊಳ್ಳಬಾರದ ದುಃಖಗಳೂ ಉಂಟು, ಮನೆಯ ಮಾತು ಹೊಸಿಲು ದಾಟಬಾರದು ಎಂಬುದೂ ಅದೇ ಜನರ ಇನ್ನೊಂದು ನಂಬಿಕೆ. ಇವೆರಡೂ ಒಂದೇ ಬಾಯಲ್ಲಿ ಬರುವುದುಂಟು. ಈ ಎರಡು ನಂಬಿಕೆಗಳ ನಡುವಣ ಇಕ್ಕಟ್ಟಿನಲ್ಲಿ ಇಂದು ಒಂದು ಹೊಸ ವಿದ್ಯೆ ಬಂದು ನಿಂತಿದೆ. ಅದನ್ನು ಕಥನಚಿಕಿತ್ಸೆ ಎಂದು ಕರೆಯಬಹುದು. ಇದರ ಜೊತೆಯಲ್ಲಿಯೇ, ಆಘಾತಕ್ಕೆ ಒಳಗಾದವರೊಡನೆ ಹೇಗೆ ಮಾತನಾಡಬೇಕು, ಏನನ್ನು ಕೇಳಬಾರದು ಎಂಬುದನ್ನು ವಿಚಾರಿಸುವ ಆಪ್ತಸಮಾಲೋಚನೆಯ ಪದ್ಧತಿಯೂ ಬೆಳೆದಿದೆ. ನಮ್ಮ ಕಾಲೇಜುಗಳಲ್ಲಿ ಆಪ್ತಸಮಾಲೋಚನೆಯ ಕೊಠಡಿಗಳು ತೆರೆಯುತ್ತಿರುವ, ಅಧ್ಯಾಪಕರೇ ಅಲ್ಪಕಾಲದ ತರಬೇತಿ ಪಡೆದು ಆ ಕೆಲಸಕ್ಕೆ ಕುಳಿತುಕೊಳ್ಳುತ್ತಿರುವ ಈ ಸಂದರ್ಭದಲ್ಲಿ, ಈ ವಿದ್ಯೆಯ ಮೂಲತತ್ತ್ವಗಳನ್ನು ನಮ್ಮ ನೆಲದ ನಿದರ್ಶನಗಳ ಮೇಲೆ ಒರೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ನಾವು ಮನಶ್ಶಾಸ್ತ್ರಜ್ಞರಲ್ಲ, ಚರಿತ್ರೆಯ ಅಧ್ಯಾಪಕರು. ಆದರೆ ಹಿಂದೆ ನಡೆದುದನ್ನು ಇಂದು ಹೇಳುವ ಕೆಲಸ ಚರಿತ್ರೆಗೂ ಈ ಚಿಕಿತ್ಸೆಗೂ ಸಮಾನವಾದದ್ದು. ಯಾರು ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ, ಯಾವಾಗ ಹೇಳುತ್ತಾರೆ, ಏನನ್ನು ಬಿಟ್ಟು ಹೇಳುತ್ತಾರೆ ಎಂಬ ಪ್ರಶ್ನೆಗಳು ಇಬ್ಬರಿಗೂ ಒಂದೇ. ಆದುದರಿಂದ ಪ್ರಕೃತ ಲೇಖನವನ್ನು ಪರಕ್ಷೇತ್ರಪ್ರವೇಶವೆಂದು ವಾಚಕರು ಎಣಿಸಲಾರರೆಂದು ನಂಬಿದ್ದೇವೆ. ನಿದರ್ಶನಗಳನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಿಂದಲೇ ಆರಿಸಿಕೊಂಡಿದ್ದೇವೆ. ಇವುಗಳಲ್ಲಿ ಮುಖ್ಯವಾದದ್ದು ಒಂದು ಮನೆಯ ದುಃಖದ ಎರಡು ಕಥನಗಳು. ಮಿಕ್ಕವು ಅದಕ್ಕೆ ಪೂರಕವಾದವು.

೨

ಮೊದಲು ಸಿದ್ಧಾಂತವನ್ನು ಸಂಗ್ರಹವಾಗಿ ಹೇಳಬೇಕು. ಆಸ್ಟ್ರೇಲಿಯದ ಅಡಿಲೇಡ್ ನಗರದ ಮೈಕೇಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಎಂಬಿಬ್ಬರು ಕಥನಚಿಕಿತ್ಸೆಯ ಪ್ರವರ್ತಕರು. ಇವರ ಪ್ರಧಾನ ಗ್ರಂಥ ೧೯೯೦ರಲ್ಲಿ ಪ್ರಕಟವಾಯಿತು. ಮನುಷ್ಯನು ತನ್ನ ಬಾಳನ್ನು ಕಥೆಯ ರೂಪದಲ್ಲಿಯೇ ಅರ್ಥ ಮಾಡಿಕೊಳ್ಳುತ್ತಾನೆ. ಕಷ್ಟ ಬಂದಾಗ ಆ ಕಥೆ ಕಷ್ಟದ ಕಥೆಯೊಂದೇ ಆಗಿ ಉಳಿದು ಮಿಕ್ಕದ್ದೆಲ್ಲ ಮರೆಯಾಗುತ್ತದೆ. ಮರೆಯಾದುದನ್ನು ಹುಡುಕಿ ತೆಗೆದು ಬಾಳಿನ ಕಥೆಯನ್ನು ಮತ್ತೊಮ್ಮೆ ಹೇಳುವಂತೆ ಮಾಡಿದರೆ ಕಷ್ಟದ ಹಿಡಿತ ಸಡಿಲವಾಗುತ್ತದೆ ಎಂಬುದು ಇವರ ವಾದದ ಸಾರ.

ಇದಕ್ಕೆ ಮೂರು ಉಪಾಯಗಳನ್ನು ಇವರು ಹೇಳುತ್ತಾರೆ. ಒಂದನೆಯದು, ಕಷ್ಟವನ್ನು ಮನುಷ್ಯನಿಂದ ಬೇರ್ಪಡಿಸಿ ಹೊರಗಿಟ್ಟು ನೋಡುವುದು. ಮನುಷ್ಯನೇ ಸಮಸ್ಯೆಯಲ್ಲ, ಸಮಸ್ಯೆಯೇ ಸಮಸ್ಯೆ ಎಂಬುದು ಇವರ ಸೂತ್ರ. ಎರಡನೆಯದು, ಕಷ್ಟವು ಗೆಲ್ಲಲಾಗದೆ ಹೋದ ಸಣ್ಣ ಸಣ್ಣ ಪ್ರಸಂಗಗಳನ್ನು ಗುರುತಿಸುವುದು. ಮೂರನೆಯದು, ಹೊಸದಾಗಿ ಹೇಳಿದ ಕಥೆಯನ್ನು ಸಾಕ್ಷಿಗಳ ಎದುರಿನಲ್ಲಿ ಹೇಳಿಸುವುದು. ಈ ಮೂರನೆಯ ಉಪಾಯದ ಮೂಲ ಚಿಕಿತ್ಸಾಲಯವಲ್ಲ. ಮಾನವಶಾಸ್ತ್ರಜ್ಞೆ ಬಾರ್ಬರಾ ಮೈಯರ್‌ಹಾಫ್ ಅವರು ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದ ಯೆಹೂದಿ ವೃದ್ಧರ ನಡುವೆ ಕುಳಿತು, ಅವರು ಒಬ್ಬರಿಗೊಬ್ಬರು ತಮ್ಮ ಬಾಳನ್ನು ಹೇಳಿಕೊಂಡು ತಾವು ಇಂಥವರೆಂದು ಸ್ಥಾಪಿಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ೧೯೭೮ರಲ್ಲಿ ಒಂದು ಗ್ರಂಥವನ್ನು ಬರೆದರು. ವೈಟ್ ಅವರು ಅವರ ವಿಚಾರವನ್ನು ಎರವಲು ಪಡೆದರು.

ಆಘಾತದ ವಿಷಯದಲ್ಲಿ ಇನ್ನೊಂದು ವಿಚಾರಧಾರೆಯುಂಟು. ಆಘಾತೋತ್ತರ ವ್ಯಥೆಯನ್ನು ಅಮೆರಿಕದ ಮನೋವೈದ್ಯರು ೧೯೮೦ರಲ್ಲಿ ತಮ್ಮ ರೋಗಪಟ್ಟಿಯಲ್ಲಿ ಪ್ರತ್ಯೇಕವಾಗಿ ಸೇರಿಸಿದರು. ಜೂಡಿತ್ ಹರ್ಮನ್ ಅವರು ೧೯೯೨ರ ತಮ್ಮ ಗ್ರಂಥದಲ್ಲಿ ಚೇತರಿಕೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದರು: ಮೊದಲು ನಿರ್ಭಯತೆ, ಅನಂತರ ಸ್ಮರಣೆ ಮತ್ತು ಶೋಕ, ಕೊನೆಗೆ ಜನರೊಡನೆ ಮರುಸಂಬಂಧ. ಸ್ಮರಣೆ ಎರಡನೆಯದೆಂಬುದನ್ನು ಗಮನಿಸಬೇಕು. ವಿಪತ್ತು ನಡೆದ ಕೂಡಲೇ ಜನರನ್ನು ಕೂರಿಸಿ ನಡೆದುದನ್ನೆಲ್ಲ ಒಮ್ಮೆಗೇ ಹೇಳಿಸುವ ಪದ್ಧತಿಯೊಂದು ಕೆಲಕಾಲ ಪ್ರಚಾರದಲ್ಲಿತ್ತು. ಅದರಿಂದ ಮುಂದಿನ ವ್ಯಥೆ ತಪ್ಪುವುದಿಲ್ಲವೆಂದು ೨೦೦೨ರ ಹೊತ್ತಿಗೆ ಪರಿಶೀಲನೆಗಳ ಸಮೀಕ್ಷೆಯಿಂದ ತಿಳಿದು ಬಂದಿತು. ಬ್ರಿಟನ್ನಿನ ಮನೋವೈದ್ಯ ಡೆರೆಕ್ ಸಮರ್‌ಫೀಲ್ಡ್ ಅವರು ೧೯೯೯ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯುದ್ಧದಿಂದ ನೊಂದ ದೇಶಗಳ ಜನರ ಸಾಮಾಜಿಕ ದುಃಖವನ್ನು ಪಾಶ್ಚಾತ್ಯರು ವೈಯಕ್ತಿಕ ರೋಗವನ್ನಾಗಿ ಮಾರ್ಪಡಿಸುತ್ತಿದ್ದಾರೆಂದು ಆಕ್ಷೇಪಿಸಿದರು. ಈ ಆಕ್ಷೇಪದಲ್ಲಿ ಎಷ್ಟು ಹುರುಳಿದೆಯೆಂಬುದು ನಮ್ಮ ನಿದರ್ಶನಗಳಿಂದ ಮುಂದೆ ಗೊತ್ತಾದೀತು.

೩

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಎಸ್. ಎಲ್. ಭೈರಪ್ಪನವರ ಹುಟ್ಟೂರು. ೧೯೩೧ರಲ್ಲಿ ಹುಟ್ಟಿ ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಈ ಕಾದಂಬರಿಕಾರರು ಬಾಲ್ಯದಲ್ಲಿಯೇ ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಪ್ಲೇಗು ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ್ದು ೧೮೯೮ರಲ್ಲಿ. ಅಲ್ಲಿಂದ ಸುಮಾರು ಅರ್ಧಶತಮಾನ ಅದು ಹಳ್ಳಿಗಳಿಗೆ ಮತ್ತೆ ಮತ್ತೆ ಬರುತ್ತಿತ್ತು. ಇಲಿ ಬಿದ್ದವೆಂದರೆ ಊರು ಬಿಡಬೇಕು; ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು; ಗಡ್ಡೆ ಎದ್ದವನನ್ನು ನೋಡಲು ನೆಂಟರೂ ಹೆದರಬೇಕು. ನಮ್ಮ ಸೀಮೆಯ ಹಿರಿಯರ ಮಾತಿನಲ್ಲಿ ಕಾಲಗಣನೆಯ ಒಂದು ಗುರುತಾಗಿಯೇ ಪ್ಲೇಗು ಉಳಿದಿತ್ತು.

ಈ ದುಃಖವನ್ನು ಭೈರಪ್ಪನವರು ಎರಡು ಸಲ ಹೇಳಿದ್ದಾರೆ. ಮೊದಲ ಸಲ ೧೯೭೦ರಲ್ಲಿ, ‘ಗೃಹಭಂಗ’ ಎಂಬ ಕಾದಂಬರಿಯಾಗಿ. ಎರಡನೆಯ ಸಲ ೧೯೯೬ರಲ್ಲಿ, ‘ಭಿತ್ತಿ’ ಎಂಬ ಆತ್ಮವೃತ್ತಾಂತವಾಗಿ. ‘ಗೃಹಭಂಗ’ವನ್ನು ಆತ್ಮಕಥೆಯೆಂದು ಓದುವುದು ಕಾದಂಬರಿಗೆ ಮಾಡುವ ಅಪಚಾರವೆಂಬುದನ್ನು ನಾವು ಒಪ್ಪುತ್ತೇವೆ. ಕಾದಂಬರಿಯ ರಾಮಸಂದ್ರ ಸಂತೇಶಿವರವಲ್ಲ. ಆದರೂ ಒಂದೇ ಸೀಮೆಯ ಒಂದೇ ಬಗೆಯ ನಷ್ಟ ಎರಡು ಗ್ರಂಥಗಳ ತಳದಲ್ಲಿಯೂ ಇರುವುದರಿಂದ ಇವನ್ನು ಒಟ್ಟಿಗಿಟ್ಟು ನೋಡುವುದಕ್ಕೆ ಅವಕಾಶವಿದೆ.

ಎರಡನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಮೊದಲು ಕಾಣುವುದು ಹೇಳುವವನ ಸ್ಥಾನದ ವ್ಯತ್ಯಾಸ. ‘ಭಿತ್ತಿ’ಯಲ್ಲಿ ಹೇಳುವವರು ‘ನಾನು’ ಎನ್ನುತ್ತಾರೆ. ಒಡಹುಟ್ಟಿದವರ ಶವವನ್ನು ತಾನೇ ಹೊತ್ತು ಸ್ಮಶಾನಕ್ಕೆ ಸಾಗಿಸಿದ ಹುಡುಗ, ಭಿಕ್ಷಾನ್ನವನ್ನುಂಡು ಓದಿದ ಹುಡುಗ, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿ ಮಾಡಿದ ಹುಡುಗ ಅಲ್ಲಿ ನೇರವಾಗಿ ನಮ್ಮೆದುರಿಗೆ ಬರುತ್ತಾನೆ. ‘ಗೃಹಭಂಗ’ದಲ್ಲಿ ಬದುಕುಳಿಯುವ ಬಾಲಕ ವಿಶ್ವನೆಂಬುವನಿದ್ದಾನೆ, ಆದರೆ ಕಥೆ ಅವನದಲ್ಲ, ಅವನ ತಾಯಿ ನಂಜಮ್ಮನದು. ಬದುಕುಳಿದವನು ತನ್ನ ಕಥೆಯನ್ನು ಹೇಳುವುದಕ್ಕೆ ಮುಂಚೆ ಸತ್ತವಳ ಕಥೆಯನ್ನು ಹೇಳಿದ್ದಾನೆ. ತಾನು ಹಿಂದೆ ಸರಿದು ತಾಯಿಯನ್ನು ಮುಂದೆ ನಿಲ್ಲಿಸಿದ್ದಾನೆ. ತಾಯಿಯ ಹೆಸರು, ಊರಿನ ಹೆಸರು, ತನ್ನ ಹೆಸರು ಎಲ್ಲವನ್ನೂ ಬದಲಾಯಿಸಿ ನಡುವೆ ಒಂದು ತೆರೆಯನ್ನು ಹಿಡಿದಿದ್ದಾನೆ. ಈ ತೆರೆಯನ್ನು ಸರಿಸಿ ‘ನಾನು’ ಎನ್ನಲು ಇನ್ನೂ ಇಪ್ಪತ್ತಾರು ವರ್ಷ ಬೇಕಾಯಿತು. ಹೀಗೆ ಮಾಡಬೇಕೆಂದು ಕೃತಿಕಾರರು ಎಣಿಸಿ ಮಾಡಿದರೆಂದು ನಾವು ಹೇಳುವುದಿಲ್ಲ. ಗ್ರಂಥಗಳು ಬಂದ ಕ್ರಮ ಹೀಗಿದೆಯೆಂದಷ್ಟೇ ಹೇಳುತ್ತೇವೆ.

ಕಥನಚಿಕಿತ್ಸೆಯನ್ನು ಅಭ್ಯಾಸ ಮಾಡುವವರಿಗೆ ಇದರಿಂದ ದೊರೆಯುವ ಪಾಠ ಸಣ್ಣದಲ್ಲ. ಆಪ್ತಸಮಾಲೋಚಕನು ಮೊದಲ ದಿನವೇ ಎದುರಿಗೆ ಕುಳಿತವನನ್ನು ‘ನಿನ್ನ ಕಥೆಯನ್ನು ಹೇಳು’ ಎಂದು ಕೇಳಿದರೆ, ‘ಗೃಹಭಂಗ’ಕ್ಕೆ ಮೊದಲು ‘ಭಿತ್ತಿ’ಯನ್ನು ಕೇಳಿದಂತಾಗುತ್ತದೆ. ನೊಂದವನಿಗೆ ‘ನಾನು’ ಎಂಬುದು ಎಲ್ಲಕ್ಕಿಂತ ಕಷ್ಟವಾದ ಪದ. ಅವನು ಬೇರೊಬ್ಬರ ಹೆಸರಿನಲ್ಲಿ ಹೇಳಿಯಾನು, ನೆರೆಮನೆಯವರ ವಿಷಯವೆಂದು ಹೇಳಿಯಾನು, ಪುರಾಣದ ಪಾತ್ರವೊಂದರ ಮರೆಯಲ್ಲಿ ಹೇಳಿಯಾನು. ಇದನ್ನು ತಪ್ಪಿಸಿಕೊಳ್ಳುವಿಕೆಯೆಂದು ಭಾವಿಸುವುದು ದೊಡ್ಡ ತಪ್ಪು. ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಸೀತೆಯ ಕಷ್ಟವನ್ನೋ ತವರಿಲ್ಲದ ಹೆಣ್ಣಿನ ಕಷ್ಟವನ್ನೋ ಹಾಡುತ್ತಿದ್ದಾಗ ಯಾರ ಕಷ್ಟವನ್ನು ಹಾಡುತ್ತಿದ್ದರೆಂಬುದು ಕೇಳುವ ಅತ್ತಿಗೆ ನಾದಿನಿಯರಿಗೆ ತಿಳಿದೇ ಇತ್ತು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತೆರೆಯನ್ನು ತೆರೆಯಾಗಿಯೇ ಉಳಿಸುವ ಸೌಜನ್ಯ ಆ ಕೇಳುವಿಕೆಯಲ್ಲಿತ್ತು.

೪

ಇನ್ನು ಎರಡನೆಯ ಉಪಾಯವನ್ನು ವಿಚಾರಿಸೋಣ. ಕಷ್ಟವು ಗೆಲ್ಲಲಾಗದೆ ಹೋದ ಪ್ರಸಂಗಗಳು ‘ಗೃಹಭಂಗ’ದಲ್ಲಿ ಹೇರಳವಾಗಿವೆ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ನಂಜಮ್ಮ. ಮನೆಯಲ್ಲಿ ಕಾಳಿಲ್ಲದಾಗ ಮುತ್ತುಗದ ಎಲೆ ಹಚ್ಚಿ ಹೊಟ್ಟೆ ಹೊರೆಯುವವಳು ಅವಳೇ. ಅತ್ತೆ ಗಂಗಮ್ಮನ ಬೈಗುಳದ ನಡುವೆ, ಗಂಡನ ನಿರ್ಲಕ್ಷ್ಯದ ನಡುವೆ ಮಕ್ಕಳನ್ನು ಓದಿಸುತ್ತಾಳೆ, ಸ್ವಂತ ಮನೆಯೊಂದನ್ನು ಕಟ್ಟಿಸುವ ಹಂಬಲವನ್ನು ಬಿಡುವುದಿಲ್ಲ. ಕಥನಚಿಕಿತ್ಸಕನೊಬ್ಬ ಈ ಪ್ರಸಂಗಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ, ‘ನೋಡಿರಿ, ಇದು ಸೋಲಿನ ಕಥೆಯಲ್ಲ, ಗೆಲುವಿನ ಕಥೆ’ ಎಂದು ಹೇಳಬಹುದು.

ಕಾದಂಬರಿ ಹಾಗೆ ಹೇಳುವುದಿಲ್ಲ. ಪ್ಲೇಗು ಅವಳ ಇಬ್ಬರು ಮಕ್ಕಳನ್ನು, ಪಾರ್ವತಿಯನ್ನೂ ರಾಮಣ್ಣನನ್ನೂ, ಕೊಂಡೊಯ್ಯುತ್ತದೆ. ಮುಂದೆ ಅವಳನ್ನೂ ಕೊಂಡೊಯ್ಯುತ್ತದೆ. ಅವಳ ಧೈರ್ಯ ಅವಳನ್ನು ಉಳಿಸಲಿಲ್ಲ. ಆದರೆ ಅದು ವ್ಯರ್ಥವಾಯಿತೆಂದೂ ಕಾದಂಬರಿ ಹೇಳುವುದಿಲ್ಲ. ಓದುಗನ ಮನಸ್ಸಿನಲ್ಲಿ ನಂಜಮ್ಮ ರೋಗಕ್ಕೆ ಬಲಿಯಾದವಳಾಗಿ ಉಳಿಯುವುದಿಲ್ಲ. ಲೆಕ್ಕ ಬರೆದವಳಾಗಿ, ಎಲೆ ಹಚ್ಚಿದವಳಾಗಿ ಉಳಿಯುತ್ತಾಳೆ. ಮರುಕಥನದಿಂದ ದೊರೆಯುವುದು ಗೌರವವೇ ಹೊರತು ಪರಿಹಾರವಲ್ಲ ಎಂಬ ವಿವೇಕ ಇಲ್ಲಿದೆ. ಕಥನಚಿಕಿತ್ಸೆಯ ಪ್ರವರ್ತಕರೂ ಸುಖಾಂತ್ಯದ ಆಶ್ವಾಸನೆಯನ್ನು ಕೊಟ್ಟವರಲ್ಲ. ಆದರೆ ಅವರ ವಿದ್ಯೆ ಎರಡು ದಿನದ ಶಿಬಿರಗಳಲ್ಲಿ ಕೈಯಿಂದ ಕೈಗೆ ಸಾಗುವಾಗ ಪ್ರತಿಯೊಬ್ಬರ ದುಃಖಕ್ಕೂ ಒಂದು ಗೆಲುವಿನ ಕೊನೆಯನ್ನು ಅಂಟಿಸುವ ಆತುರ ಬಂದುಬಿಡುತ್ತದೆ. ಅಂಥ ಕೊನೆಯನ್ನು ತಂದುಕೊಡಲಾಗದ ನೊಂದವನಿಗೆ, ತಾನು ಬಾಳಿನಲ್ಲಿ ಸೋತದ್ದಲ್ಲದೆ ಚಿಕಿತ್ಸೆಯಲ್ಲಿಯೂ ಸೋತೆನೆಂಬ ಇನ್ನೊಂದು ದುಃಖ ಅಂಟಿಕೊಳ್ಳುತ್ತದೆ.

ಸಾಕ್ಷಿಯ ವಿಷಯದಲ್ಲಿಯೂ ‘ಗೃಹಭಂಗ’ ಗಮನಾರ್ಹವಾಗಿದೆ. ನಂಜಮ್ಮನ ಮಾತನ್ನು ಸಹಾನುಭೂತಿಯಿಂದ ಕೇಳುವವರು ಅವಳ ಮನೆಯಲ್ಲಿಲ್ಲ. ಕೇಳುವವರು ಊರಿನಲ್ಲಿ ಭಿಕ್ಷೆಯೆತ್ತಿ ಬಾಳುವ ಜಂಗಮರಾದ ಮಹಾದೇವಯ್ಯನವರು. ಅವಳು ಬ್ರಾಹ್ಮಣರ ಮನೆಯ ಸೊಸೆ, ಅವರು ವೀರಶೈವರು. ಆ ಕಾಲದ ಹಳ್ಳಿಯಲ್ಲಿ ಊಟ ತಿಂಡಿಗಳ ಮೇಲೆಯಿದ್ದ ಕಟ್ಟುಗಳನ್ನು ನೆನೆದರೆ ಈ ಸ್ನೇಹದ ಬೆಲೆ ತಿಳಿಯುತ್ತದೆ. ಕೊನೆಯಲ್ಲಿ ಉಳಿದ ಬಾಲಕನನ್ನು ತಮ್ಮೊಡನೆ ಕರೆದುಕೊಂಡು ಊರು ಬಿಡುವವರೂ ಅವರೇ. ಭಿನ್ನ ಸಂಸ್ಕೃತಿಗಳ ನಡುವಣ ಆಪ್ತಸಮಾಲೋಚನೆಯೆಂದು ಇಂದು ಗ್ರಂಥಗಳು ವಿಸ್ತಾರವಾಗಿ ಬೋಧಿಸುವುದರ ಮೂಲ ಇಷ್ಟೇ: ಕೇಳುವವನು ಒಳಗಿನವನಲ್ಲದಿದ್ದರೂ ನಡೆಯಬಹುದು, ಒಮ್ಮೊಮ್ಮೆ ಒಳಗಿನವನಲ್ಲದಿರುವುದೇ ಒಳ್ಳೆಯದು, ಆದರೆ ಅವನು ಕೇಳಿ ಎದ್ದುಹೋಗುವವನಾಗಬಾರದು. ಮಹಾದೇವಯ್ಯನವರು ಬರಿಯ ಕಿವಿಯನ್ನು ಕೊಟ್ಟವರಲ್ಲ. ಭಿಕ್ಷೆಯ ಕಾಳನ್ನೂ ಕೊಟ್ಟರು.

೫

ಮೊದಲನೆಯ ಉಪಾಯವಾದ, ಸಮಸ್ಯೆಯನ್ನು ಹೊರಗಿಟ್ಟು ನೋಡುವ ಕ್ರಮವನ್ನು ನಾವು ಕೊನೆಗೆ ಉಳಿಸಿಕೊಂಡದ್ದು ಸಕಾರಣವಾಗಿ. ಏಕೆಂದರೆ ಈ ಉಪಾಯ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಪ್ಲೇಗು, ಸಿಡುಬು, ಕಾಲರಾಗಳನ್ನು ನಮ್ಮವರು ಮಾರಿಯೆಂದು ಕರೆದರು. ಅವಳಿಗೆ ಮುಖವನ್ನೂ ಹೆಸರನ್ನೂ ಕೊಟ್ಟರು, ಪೂಜಿಸಿದರು, ಕೊನೆಗೆ ಊರ ಎಲ್ಲೆಯನ್ನು ದಾಟಿಸಿ ಬಂದರು. ರೋಗಿ ಪಾಪಿಯಲ್ಲ, ಮಾರಿ ಮುಟ್ಟಿದವನು ಎಂಬ ಭಾವನೆಯಿಂದ ರೋಗಿಯ ಮೇಲಣ ಕಳಂಕ ಎಷ್ಟೋ ಕಡಿಮೆಯಾಗುತ್ತಿತ್ತು. ಇಷ್ಟರ ಮಟ್ಟಿಗೆ ವೈಟ್ ಅವರ ಸೂತ್ರ ನಮಗೆ ಪರಿಚಿತವೇ.

ಆದರೆ ಈ ಪದ್ಧತಿಯ ಇನ್ನೊಂದು ಮುಖವನ್ನೂ ನೋಡಬೇಕು. ಒಂದೂರಿನ ಎಲ್ಲೆ ದಾಟಿದ ಮಾರಿ ಪಕ್ಕದೂರಿನ ಎಲ್ಲೆಯೊಳಗೆ ಇರುತ್ತಿದ್ದಳು. ಯೆರ್ಸಿನ್ ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದಿದ್ದ. ಇಲಿಯ ಮೈಮೇಲಣ ಚಿಗಟ ಅದನ್ನು ಹರಡುತ್ತದೆಂದು ಸಿಮಾಂಡ್ ೧೮೯೮ರಲ್ಲಿ ತೋರಿಸಿದ್ದ. ಹಾಫ್‌ಕಿನ್ನನ ಚುಚ್ಚುಮದ್ದು ೧೮೯೭ರಲ್ಲಿಯೇ ಮುಂಬಯಿಯಲ್ಲಿ ಸಿದ್ಧವಾಗಿತ್ತು. ಮಾರಿಯ ಮುಖ ಎದುರಿಗಿದ್ದಾಗ ಇಲಿಯ ಮುಖ ಕಾಣುವುದು ಕಷ್ಟ. ಹಾಗೆಯೇ ‘ಸಮಸ್ಯೆಯೇ ಸಮಸ್ಯೆ’ ಎಂಬ ಸೂತ್ರವನ್ನು ಎಲ್ಲೆಡೆಯಲ್ಲಿಯೂ ಅನ್ವಯಿಸಿದರೆ, ಸಮಸ್ಯೆಗೆ ಕಾರಣರಾದ ಮನುಷ್ಯರು ಅದರ ಹಿಂದೆ ಅವಿತುಕೊಳ್ಳುವ ಸಂಭವವುಂಟು. ನಂಜಮ್ಮನ ಮನೆಯನ್ನು ಒಡೆದದ್ದು ಪ್ಲೇಗು ಮಾತ್ರವೇ? ಪ್ಲೇಗು ಬರುವುದಕ್ಕೆ ಎಷ್ಟೋ ಮೊದಲೇ ಆ ಮನೆ ಗಂಡನ ಸೋಮಾರಿತನದಿಂದಲೂ ಅತ್ತೆಯ ನಾಲಗೆಯಿಂದಲೂ ಒಡೆದಿತ್ತು. ಭೈರಪ್ಪನವರು ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ರೋಗಕ್ಕೆ ರೋಗದ ಪಾಲು, ಮನುಷ್ಯರಿಗೆ ಮನುಷ್ಯರ ಪಾಲು. ಚಿಕಿತ್ಸೆಯಲ್ಲಿಯೂ ಈ ಲೆಕ್ಕ ತಪ್ಪಬಾರದೆಂದು ನಮ್ಮ ಅಭಿಪ್ರಾಯ.

೬

ಇಲ್ಲಿಯವರೆಗೆ ಒಬ್ಬರ, ಒಂದು ಮನೆಯ ವಿಷಯವಾಯಿತು. ಸಮುದಾಯವೊಂದಕ್ಕೆ ಒದಗಿದ ನೋವನ್ನು ಸಮುದಾಯವೇ ಹೇಳಿಕೊಂಡು ಬಂದಿರುವ ನಿದರ್ಶನವೂ ಈ ಸೀಮೆಯಲ್ಲಿಯೇ ಉಂಟು. ಹಾಸನದ ಹತ್ತಿರದ ಕೌಶಿಕ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಮೊದಲಾದ ಊರುಗಳಲ್ಲಿ ನೆಲಸಿರುವ ಸಂಕೇತಿಗಳ ಪೂರ್ವಿಕರು ತೆಂಕಣ ಸೆಂಗೋಟೆಯ ಕಡೆಯಿಂದ ಬಂದವರೆಂದು ಪ್ರತೀತಿ. ತಮಿಳು ಮಲೆಯಾಳಗಳ ಲಕ್ಷಣಗಳಿದ್ದು ಕನ್ನಡದೊಡನೆ ಬೆರೆತ ಅವರ ಮನೆಮಾತೇ ಈ ವಲಸೆಗೆ ಸಾಕ್ಷಿ. ವಲಸೆಯ ಕಾರಣವಾಗಿ ಅವರು ನಾಚಾರಮ್ಮ ಎಂಬ ವಿದುಷಿಯ ಕಥೆಯನ್ನು ಹೇಳುತ್ತಾರೆ. ಸಭೆಯಲ್ಲಿ ಅಪಮಾನಿತಳಾದ ಆಕೆ ಆ ಊರನ್ನು ಶಪಿಸಿ ಹೊರಟಳು. ಆಕೆಯ ಪಕ್ಷವನ್ನು ಹಿಡಿದವರು ಹಿಂದೆಯೇ ಹೊರಟರು ಎಂಬುದು ಅದರ ತಿರುಳು.

ಈ ಕಥೆಯ ಐತಿಹಾಸಿಕತೆಯನ್ನು ಸಾಧಿಸುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಕಥೆಯ ಕಟ್ಟನ್ನು ಮಾತ್ರ ಗಮನಿಸಬೇಕು. ನೆಲ ಬಿಟ್ಟು ಬಂದ ಜನ ತಮ್ಮ ಮೂಲವನ್ನು ಕುರಿತು ಹೇಳುವಾಗ, ಓಡಿಸಲ್ಪಟ್ಟೆವೆಂದು ಹೇಳುವುದಿಲ್ಲ. ಅಪಮಾನವಾದ ಹೆಣ್ಣಿನ ಪಕ್ಷವನ್ನು ಹಿಡಿದು ಬಂದೆವೆಂದು ಹೇಳುತ್ತಾರೆ. ಕಥೆ ಕೇಳುವ ಪ್ರತಿಯೊಂದು ಮಗುವೂ ಆಕೆಯ ಪರವಾದ ಸಾಕ್ಷಿಯಾಗುತ್ತದೆ. ಅಪಮಾನವೂ ಮರೆಯಾಗಿಲ್ಲ, ಮಾಡಿದವರ ತಪ್ಪೂ ಮರೆಯಾಗಿಲ್ಲ. ಆದರೆ ಕಥೆ ಅಲ್ಲಿಗೇ ನಿಂತಿಲ್ಲ. ಹೊಸ ನೆಲದಲ್ಲಿ ಬೇರೂರಿದ ಸಂಗತಿಯೂ ಅದರೊಳಗೆ ಸೇರಿದೆ. ಆರ್. ಕೆ. ಶ್ರೀಕಂಠನ್ ಮೊದಲಾದ ವಿದ್ವಾಂಸರನ್ನು ನಾಡಿಗೆ ಕೊಟ್ಟ ರುದ್ರಪಟ್ಟಣದ ಸಂಗೀತ ಪರಂಪರೆ ಆ ಬೇರೂರುವಿಕೆಯ ಫಲಗಳಲ್ಲೊಂದು. ಮೈಯರ್‌ಹಾಫ್ ಅವರು ಯೆಹೂದಿ ವೃದ್ಧರಲ್ಲಿ ಕಂಡದ್ದನ್ನು ಇಲ್ಲಿಯ ಜಗಲಿಗಳ ಮೇಲೂ ಕಾಣಬಹುದಾಗಿತ್ತು.

ಇದಕ್ಕೆ ಎದುರಾದ ನಿದರ್ಶನ ಹೇಮಾವತಿಯ ಮುಳುಗಡೆಯದು. ಗೊರೂರಿನಲ್ಲಿ ೧೯೭೯ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೊಲಗಳಿಗೂ ಅವುಗಳಾಚೆಯ ತುಮಕೂರಿನ ಸೀಮೆಗೂ ಕಾಲುವೆಯ ನೀರು ಬಂದಿತು. ಅದೇ ನೀರು ಮೇಲಣ ಹಳ್ಳಿಗಳನ್ನು ನುಂಗಿತು. ನೀರು ಬಂದವರ ಕಥೆ ಅಂಕಿ ಅಂಶಗಳಾಗಿ ಸರ್ಕಾರದ ವರದಿಗಳಲ್ಲಿದೆ. ಊರು ಹೋದವರ ಕಥೆಯನ್ನು ಕೇಳಿದವರು ಕಡಿಮೆ. ಫ್ರೆಂಚ್ ಪಾದ್ರಿಗಳು ೧೮೬೦ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೇಳುತ್ತದೆ. ಅದರ ಚಿತ್ರ ತೆಗೆಯಲು ದೂರದಿಂದ ಜನ ಬರುತ್ತಾರೆ. ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಕ್ರೈಸ್ತ ರೈತ ಕುಟುಂಬಗಳೂ ಸುತ್ತಣ ಹಳ್ಳಿಗಳ ಇತರ ಜನರೂ ಎಲ್ಲಿಗೆ ಹೋದರೆಂದು ಕೇಳುವವರು ವಿರಳ. ನೊಂದವರ ಕಥೆಯನ್ನು ಪ್ರೇಕ್ಷಕರ ಸೊಬಗಿನ ಕಥೆ ಮುಚ್ಚಿಬಿಟ್ಟಿದೆ. ಸಮರ್‌ಫೀಲ್ಡ್ ಅವರ ಆಕ್ಷೇಪಕ್ಕೆ ಬೆಲೆ ಬರುವುದು ಇಂಥಲ್ಲಿ. ಮನೆ, ಗದ್ದೆ, ಸ್ಮಶಾನ ಎಲ್ಲವನ್ನೂ ಕಳೆದುಕೊಂಡವನ ಸಂಕಟವನ್ನು ಅವನೊಬ್ಬನ ಮನೋರೋಗವೆಂದು ಬಗೆದು ಚಿಕಿತ್ಸೆಗೆ ಕೂರಿಸುವುದಕ್ಕಿಂತ, ಅವನಿಗೆ ಸಲ್ಲಬೇಕಾದುದು ಸಂದಿತೇ ಎಂದು ವಿಚಾರಿಸುವುದು ಮೊದಲ ಕರ್ತವ್ಯ. ಕಥನವು ನ್ಯಾಯದ ಸ್ಥಾನವನ್ನು ಆಕ್ರಮಿಸಬಾರದು.

೭

ಕಥೆ ಹೇಳುವ ಹಕ್ಕು ಯಾರದೆಂಬ ಪ್ರಶ್ನೆಯನ್ನು ಇತ್ತೀಚಿನ ಒಂದು ಘಟನೆ ಕ್ರೂರವಾಗಿ ನಮ್ಮೆದುರಿಗೆ ತಂದಿತು. ೨೦೨೪ರ ಏಪ್ರಿಲಿನಲ್ಲಿ ಲೋಕಸಭೆಯ ಚುನಾವಣೆಯ ಹೊತ್ತಿನಲ್ಲಿ, ಹಾಸನ ಜಿಲ್ಲೆಯಲ್ಲಿ ಸ್ತ್ರೀಯರ ಮೇಲಣ ಲೈಂಗಿಕ ದೌರ್ಜನ್ಯದ ದೃಶ್ಯಗಳು ಪೆನ್‌ಡ್ರೈವ್‌ಗಳ ಮೂಲಕ ಕೈಯಿಂದ ಕೈಗೆ ಹರಡಿದವು. ಮೊದಲ ದೂರು ಹೊಳೆನರಸೀಪುರದ ಠಾಣೆಯಲ್ಲಿ ದಾಖಲಾಯಿತು. ರಾಜ್ಯ ಸರ್ಕಾರ ವಿಶೇಷ ತನಿಖಾ ದಳವನ್ನು ರಚಿಸಿತು. ೨೦೨೫ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ನ್ಯಾಯಾಲಯದ ವಿಷಯ ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಇಷ್ಟು: ಆ ಹೆಣ್ಣುಮಕ್ಕಳ ನೋವು ಅವರು ಬಾಯಿ ತೆರೆಯುವುದಕ್ಕೆ ಮೊದಲೇ ಅವರ ಒಪ್ಪಿಗೆಯಿಲ್ಲದೆ ಬೇರೆಯವರ ಕೈಗಳಲ್ಲಿ ಪ್ರಕಟವಾಯಿತು. ಹೇಳುವುದರಿಂದ ಗುಣವಾಗುತ್ತದೆಯೆಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಹೇಳಲ್ಪಡುವುದು ಬೇರೆ, ಹೇಳುವುದು ಬೇರೆ. ಮೊದಲನೆಯದು ಗಾಯದ ಮೇಲೆ ಇನ್ನೊಂದು ಗಾಯ. ಎಷ್ಟನ್ನು ಹೇಳಬೇಕು, ಯಾರಿಗೆ ಹೇಳಬೇಕು, ಹೇಳಬೇಕೇ ಬೇಡವೇ ಎಂಬ ತೀರ್ಮಾನವನ್ನು ನೊಂದವರ ಕೈಗೆ ಹಿಂದಿರುಗಿಸುವುದೇ ಇಂಥಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ. ಹರ್ಮನ್ ಅವರು ನಿರ್ಭಯತೆಯನ್ನು ಸ್ಮರಣೆಗಿಂತ ಮುಂದೆ ಇಟ್ಟದ್ದರ ಅರ್ಥವೂ ಇದೇ.

ಇದನ್ನು ಬರೆಯುವ ನಾವೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಕೆಲವು ವರ್ಷಗಳ ಹಿಂದೆ ಮೌಖಿಕ ಚರಿತ್ರೆಯ ಅಭ್ಯಾಸವೆಂದು, ಮನೆಯ ಹಿರಿಯರಿಂದ ಊರು ಬಿಟ್ಟ ನೆನಪನ್ನೋ ರೋಗರುಜಿನದ ನೆನಪನ್ನೋ ಕೇಳಿ ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಒಬ್ಬ ವಿದ್ಯಾರ್ಥಿ ಅರ್ಧ ಪುಟ ಮಾತ್ರ ಬರೆದು ತಂದ. ‘ಅಜ್ಜಿ ಅಷ್ಟೇ ಹೇಳಿದರು ಸಾರ್, ಆಮೇಲೆ ಎದ್ದು ಹಿತ್ತಲಿಗೆ ಹೋದರು’ ಎಂದ. ಅಪೂರ್ಣವೆಂದು ನಾವು ಅಂಕಗಳನ್ನು ಕಳೆದೆವು. ಮೂವತ್ತು ಪುಟಗಳ ಇತರ ಬರಹಗಳು ಈಗ ನಮಗೆ ನೆನಪಿಲ್ಲ. ಆ ಅರ್ಧ ಪುಟ ನೆನಪಿದೆ. ಅಜ್ಜಿ ಎದ್ದು ಹೋದದ್ದೇ ಆ ಬರಹದ ಮುಖ್ಯ ವಾಕ್ಯವೆಂಬುದು ಅಂದು ನಮಗೆ ಹೊಳೆಯಲಿಲ್ಲ. ದಾಖಲೆಯ ಹಸಿವು ಚರಿತ್ರಕಾರನಿಗೂ ಇದೆ, ಚಿಕಿತ್ಸಕನಿಗೂ ಇದೆ. ಎರಡೂ ಒಂದೇ ಬಗೆಯ ಹಸಿವು.

ಭಾಷೆಯ ವಿಷಯವನ್ನೂ ಒಂದು ಮಾತಿನಲ್ಲಿ ಸೂಚಿಸಬೇಕು. ನಾವು ಆಘಾತವೆನ್ನುವುದನ್ನು ನಮ್ಮ ಸೀಮೆಯ ಜನ ದಿಗಿಲು ಬಿದ್ದಿದೆ, ಹೊಟ್ಟೆಯಲ್ಲಿ ಸಂಕಟ, ಕರುಳು ಕಿತ್ತು ಬರುತ್ತದೆ ಎಂದು ಹೇಳುತ್ತಾರೆ. ಮನೆಯಲ್ಲಿ ಸಂಕೇತಿಯನ್ನೋ ಉರ್ದುವನ್ನೋ ತುಳುವನ್ನೋ ಆಡುವವರು ಹೊರಗೆ ಕನ್ನಡವಾಡುತ್ತಾರೆ. ಅವರ ಅಳು ಮನೆಮಾತಿನದು. ಭಾರತ ಸರ್ಕಾರ ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆಯಲ್ಲಿ ಪ್ರಾದೇಶಿಕ ಭಾಷೆಗಳಿಗೆ ಸ್ಥಾನ ಕೊಟ್ಟಿರುವುದು ಸ್ತುತ್ಯವಾದದ್ದು. ಆದರೆ ಭಾಷೆ ಕನ್ನಡವಾದರೆ ಸಾಲದು. ನೊಂದವನ ಪದವನ್ನು ತೆಗೆದು ಅದರ ಸ್ಥಾನದಲ್ಲಿ ಗ್ರಂಥದ ಪದವನ್ನಿಡುವ ಅಭ್ಯಾಸ ತಪ್ಪಬೇಕು. ದಿಗಿಲು ದಿಗಿಲಾಗಿಯೇ ಬರಹಕ್ಕೆ ಬರಲಿ.

೮

ಮೇಲೆ ವಿವರಿಸಿದುದರಿಂದ ಫಲಿತವಾಗುವುದನ್ನು ಹೀಗೆ ಸಂಗ್ರಹಿಸಬಹುದು. ಕಥನಚಿಕಿತ್ಸೆಯ ತತ್ತ್ವ ನಮಗೆ ಪರಕೀಯವಲ್ಲ. ಬೀಸುವ ಕಲ್ಲಿನ ಹಾಡು, ಮಾರಿಯ ಮೆರವಣಿಗೆ, ನಾಚಾರಮ್ಮನ ಕಥೆಗಳಲ್ಲಿ ಅದರ ಅಂಶಗಳು ಮೊದಲಿನಿಂದಲೂ ಇವೆ. ಆದುದರಿಂದ ಹೊರಗಿನದೆಂದು ಅದನ್ನು ತಳ್ಳಿಹಾಕುವುದು ಯುಕ್ತವಲ್ಲ. ಆದರೆ ನಮ್ಮ ನಿದರ್ಶನಗಳು ಅದಕ್ಕೆ ಮೂರು ಎಚ್ಚರಿಕೆಗಳನ್ನು ಹೇಳುತ್ತವೆ. ನೊಂದವನಿಗೆ ತೆರೆಯ ಮರೆಯಿಂದ ಹೇಳುವ ಸ್ವಾತಂತ್ರ್ಯವೂ ಕಾಲಾವಕಾಶವೂ ಇರಬೇಕು. ಮರುಕಥನದಲ್ಲಿ ಕಾರಣರಾದವರ ಪಾಲು ಅಳಿಸಿಹೋಗಬಾರದು. ಕಥೆಯ ಒಡೆತನ ಎಂದೆಂದಿಗೂ ನೊಂದವನದೇ ಆಗಿರಬೇಕು.

‘ಭಿತ್ತಿ’ಯನ್ನು ಭೈರಪ್ಪನವರಿಂದ ಯಾರೂ ಒತ್ತಾಯಿಸಿ ಬರೆಸಲಿಲ್ಲ. ತಾಯಿಯ ಕಥೆಯನ್ನು ಮೊದಲು ಹೇಳಿ, ಕಾಲು ಶತಮಾನ ಕಳೆದ ಮೇಲೆ, ತಮಗೆ ಸರಿಯೆನಿಸಿದ ಕಾಲದಲ್ಲಿ ಅವರು ತಮ್ಮದನ್ನು ಹೇಳಿದರು. ಎಲ್ಲರೂ ಕಾದಂಬರಿ ಬರೆಯಲಾರರು. ಆದರೆ ಅಷ್ಟು ಕಾಯುವ ಹಕ್ಕು ಎಲ್ಲರಿಗೂ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಆಪ್ತಸಮಾಲೋಚನೆಯ ಕೊಠಡಿಗೆ ಬಂದು ಅರ್ಧ ಮಾತನಾಡಿ ಎದ್ದು ಹೋದರೆ, ಬಾಗಿಲನ್ನು ತೆರೆದಿಟ್ಟು ಕಾಯುವುದು ಅಲ್ಲಿ ಕುಳಿತವರ ಕರ್ತವ್ಯವೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ.